ಹಸ್ತಪ್ರತಿಯನ್ನು ಯಾರ ಕೈಗೆ ಕೊಡಬೇಕು?

ಹೊಸದಾಗಿ ಕಾದಂಬರಿ ಬರೆಯುತ್ತಿರುವವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ಹೆಚ್ಚಿನವು ಬರವಣಿಗೆಗೆ ಸಂಬಂಧಿಸಿದ್ದಲ್ಲ. 'ಹಸ್ತಪ್ರತಿ ಸ್ಪರ್ಧೆಗೆ ಕಳಿಸಲೋ ಬೇಡವೋ?' ಎಂಬುದೇ ಅವರ ಮೊದಲ ಪ್ರಶ್ನೆ. ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಕನ್ನಡದಲ್ಲಿ ಸಣ್ಣಕತೆ ಬರೆಯುವವರಿಗೆ ದಾರಿಗಳಿವೆ. ಪತ್ರಿಕೆಗಳ ಭಾನುವಾರದ ಪುರವಣಿಗಳಿವೆ, ಮಾಸಿಕಗಳಿವೆ, ದೀಪಾವಳಿ ವಿಶೇಷಾಂಕಗಳಿವೆ. ಪೂರ್ಣಚಂದ್ರ ತೇಜಸ್ವಿಯವರ ಮೊದಲ ಕತೆ 'ಲಿಂಗ ಬಂದ' 'ಪ್ರಜಾವಾಣಿ'ಯ ದೀಪಾವಳಿ ಸ್ಪರ್ಧೆಯಲ್ಲಿ ಬಹುಮಾನ ಪಡೆದೇ ಓದುಗರ ಮುಂದೆ ಬಂದದ್ದು. ಕತೆ ತಿರಸ್ಕೃತವಾದರೆ ಹೋಗುವುದು ಕೆಲವು ವಾರಗಳ ದುಡಿಮೆ. ಕಾದಂಬರಿಯ ಹಿಂದಾದರೋ ಎರಡು ಮೂರು ವರ್ಷಗಳ ನಿದ್ದೆಗೆಟ್ಟ ರಾತ್ರಿಗಳಿರುತ್ತವೆ. ಪ್ರಕಾಶಕರ ಬಳಿ ಹೋದರೆ 'ಹೊಸಬರ ಕಾದಂಬರಿ ಯಾರು ಕೊಳ್ಳುತ್ತಾರೆ?' ಎನ್ನುತ್ತಾರೆ. ಇಲ್ಲವೇ ಮುದ್ರಣದ ಖರ್ಚನ್ನು ನೀವೇ ಹಾಕಿ ಎನ್ನುತ್ತಾರೆ. ಆಗ ಸ್ಪರ್ಧೆಯ ಪ್ರಕಟಣೆಯೊಂದು ಕಣ್ಣಿಗೆ ಬಿದ್ದರೆ ಅದು ತೆರೆದ ಬಾಗಿಲಿನಂತೆ ಕಾಣುವುದು ಸಹಜವೇ.

ಈ ಬಾಗಿಲು ಎಷ್ಟು ಹಳೆಯದು ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಉರ್ದು ಶಾಲೆಯಲ್ಲಿ ಓದಿದವರಿಗೆ ಅಕ್ಬರಿ ಮತ್ತು ಅಸ್ಗರಿ ಎಂಬ ಅಕ್ಕತಂಗಿಯರ ಪರಿಚಯವಿರುತ್ತದೆ. ಮನೆ ಹಾಳು ಮಾಡುವ ಅಕ್ಕ, ಮನೆ ಬೆಳಗುವ ತಂಗಿ. ಡೆಪ್ಯುಟಿ ನಜೀರ್ ಅಹ್ಮದರ 'ಮಿರಾತುಲ್ ಉರೂಸ್' ಎಂಬ ಈ ಪುಸ್ತಕವನ್ನು ಉರ್ದುವಿನ ಮೊದಲ ಕಾದಂಬರಿ ಎಂದು ಬಹಳ ಮಂದಿ ಕರೆಯುತ್ತಾರೆ. ಅದು ಬಹುಮಾನ ಪಡೆದ ಪುಸ್ತಕವೂ ಹೌದು. 1868ರಲ್ಲಿ ಆಗಿನ ವಾಯವ್ಯ ಪ್ರಾಂತ್ಯದ ಬ್ರಿಟಿಷ್ ಸರಕಾರ ಗೆಜೆಟ್‌ನಲ್ಲಿ ಒಂದು ಪ್ರಕಟಣೆ ಹೊರಡಿಸಿತು. ಉರ್ದು ಅಥವಾ ಹಿಂದಿಯಲ್ಲಿ ಉಪಯುಕ್ತ ಪುಸ್ತಕ ಬರೆದವರಿಗೆ ಬಹುಮಾನ ಕೊಡಲಾಗುವುದು, ಧರ್ಮಶಾಸ್ತ್ರದ ಗ್ರಂಥಗಳು ಬೇಡ, ನೀತಿಗೆ ವಿರುದ್ಧವಾದದ್ದು ಏನೂ ಇರಕೂಡದು, ಹೆಣ್ಣುಮಕ್ಕಳಿಗೆ ಪ್ರಯೋಜನವಾಗುವ ಪುಸ್ತಕಗಳಿಗೆ ವಿಶೇಷ ಸ್ವಾಗತ ಎಂಬುದು ಅದರ ಸಾರಾಂಶ. ಮಾರನೆಯ ವರ್ಷ ನಜೀರ್ ಅಹ್ಮದರಿಗೆ 1,000 ರೂಪಾಯಿ ಬಹುಮಾನ ಬಂತು. ಲೆಫ್ಟಿನೆಂಟ್ ಗವರ್ನರ್ ವಿಲಿಯಂ ಮ್ಯೂರ್ ತಮ್ಮ ಕಡೆಯಿಂದ ಒಂದು ಗಡಿಯಾರವನ್ನೂ ಕೊಟ್ಟರು. ಸರಕಾರ 2,000 ಪ್ರತಿಗಳನ್ನು ಕೊಂಡಿತು. ಇಂದಿನ ಯಾವ ಹೊಸ ಲೇಖಕನಿಗೂ ಹೊಟ್ಟೆಕಿಚ್ಚು ಬರುವಂಥ ಮಾತು ಇದು.

ಆದರೆ ಕತೆ ಇಲ್ಲಿಗೆ ಮುಗಿಯುವುದಿಲ್ಲ. ತಮ್ಮ ಮನೆಯ ಹೆಣ್ಣುಮಕ್ಕಳಿಗೆ ಓದಲು ಹಿತವಾದ ಪುಸ್ತಕಗಳಿಲ್ಲವೆಂದು ಇದನ್ನು ಬರೆದೆ ಎಂದು ನಜೀರ್ ಅಹ್ಮದರೇ ಹೇಳಿಕೊಂಡಿದ್ದಾರೆ. ಅವರ ಮೊದಲ ಓದುಗರು ಮನೆಯೊಳಗಿದ್ದರು. ಅದಕ್ಕೇ ಇರಬೇಕು, ಉಪದೇಶದ ಭಾರದ ಅಡಿಯಲ್ಲೂ ಅಕ್ಬರಿಯ ಜಗಳದ ಮಾತುಗಳು ಇಂದಿಗೂ ಜೀವಂತವಾಗಿವೆ. ಶಾಲೆಯಲ್ಲಿ ನಮಗೆ ಮೇಷ್ಟ್ರು ಅಸ್ಗರಿಯಂತಾಗಿ ಎನ್ನುತ್ತಿದ್ದರು, ನಾವು ಹುಡುಗಿಯರು ಗುಟ್ಟಾಗಿ ಅಕ್ಬರಿಯನ್ನು ಇಷ್ಟಪಡುತ್ತಿದ್ದೆವು. ಆಮೇಲೆ ಅದೇ ಯೋಜನೆಯಡಿ ಬಹುಮಾನ ಪಡೆದ ಅವರ ಇನ್ನೊಂದು ಕಾದಂಬರಿ 'ತೌಬತುನ್ನಸೂಹ್'. ಅದರಲ್ಲಿ ಪಶ್ಚಾತ್ತಾಪಗೊಂಡ ತಂದೆ ನಸೂಹ್ ತನ್ನ ಹಿರಿಯ ಮಗ ಕಲೀಮನ ಕಾವ್ಯ, ಕತೆಗಳ ಪುಸ್ತಕಗಳನ್ನೆಲ್ಲ ಸುಟ್ಟುಬಿಡುತ್ತಾನೆ. ಆ ಪ್ರಾಂತ್ಯದ ಶಿಕ್ಷಣ ಇಲಾಖೆಯ ಮುಖ್ಯಸ್ಥರಾಗಿದ್ದ ಕೆಂಪ್ಸನ್ ಸಾಹೇಬರು ಆ ಕಾದಂಬರಿಯನ್ನು ಮೆಚ್ಚಿ ಮುಂದೆ 1884ರಲ್ಲಿ ತಾವೇ ಇಂಗ್ಲಿಷಿಗೆ ಅನುವಾದಿಸಿದರು. ಕಾದಂಬರಿಗೆ ಕೊಟ್ಟ ಬಹುಮಾನ ಕತೆಪುಸ್ತಕಗಳನ್ನು ಸುಡುವ ಕಾದಂಬರಿಗೆ ಹೋಯಿತು. ನಜೀರ್ ಅಹ್ಮದರ ಪ್ರಾಮಾಣಿಕತೆಯನ್ನು ನಾನು ಅನುಮಾನಿಸುವುದಿಲ್ಲ, ಅದು ಅವರ ನಂಬಿಕೆಯೇ ಆಗಿತ್ತು. ಆದರೂ ಬಹುಮಾನ ಕೊಡುವ ಕೈಗೆ ಯಾವುದು ಇಷ್ಟ ಎಂಬುದು ಒಮ್ಮೆ ಗೊತ್ತಾದ ಮೇಲೆ ಅದನ್ನು ಮರೆತು ಬರೆಯುವುದು ಯಾರಿಗೂ ಸುಲಭವಲ್ಲ.

ಇಂದಿನ ಸ್ಪರ್ಧೆಗಳಿಗೆ ಅಂಥ ಗೆಜೆಟ್ ಇಲ್ಲ. ಆದರೆ ಬರೆಯದ ಗೆಜೆಟ್ ಒಂದು ಇದ್ದೇ ಇದೆ. ಹರಿಹರದ ಕಡೆಯ ಯುವತಿಯೊಬ್ಬಳು ತನ್ನ ಕಾದಂಬರಿಯ ಹಸ್ತಪ್ರತಿ ತಂದು ತೋರಿಸಿದಳು. ತಂದೆ ತೀರಿಕೊಂಡ ಮೇಲೆ ಮೂವರು ಅಕ್ಕತಂಗಿಯರು ಹಳೆಯ ಮನೆಯ ಪಾಲಿಗಾಗಿ ಅಣ್ಣನ ಜತೆ ನಡೆಸುವ ತಣ್ಣನೆಯ ಕಾದಾಟ ಅದರ ವಸ್ತು. ಷರೀಅತ್ ಕೊಟ್ಟ ಪಾಲನ್ನು ಕೇಳಿದರೆ 'ತವರು ಬೇಡವೇ?' ಎಂದು ಕೇಳುವ ಲೋಕದ ಚಿತ್ರ ಸೊಗಸಾಗಿ ಬಂದಿತ್ತು. ನಡುವೆ ಮಾತ್ರ ಎಲ್ಲಿಂದಲೋ ಒಂದು ತಲಾಖ್ ಪ್ರಕರಣ ಬಂದು ನಲವತ್ತು ಪುಟ ಆವರಿಸಿತ್ತು. ಇದೇಕೆ ಎಂದು ಕೇಳಿದೆ. "ಆಪಾ, ಸ್ಪರ್ಧೆಗೆ ಕಳಿಸ್ತಿದೀನಿ. ನಮ್ಮೋರ ಕಾದಂಬರಿ ಅಂದ್ರೆ ತೀರ್ಪುಗಾರರು ಅದನ್ನೇ ಹುಡುಕ್ತಾರಲ್ವಾ?" ಎಂದಳು.

ಅವಳ ಲೆಕ್ಕಾಚಾರದಲ್ಲಿ ಕುಹಕವಿರಲಿಲ್ಲ, ಭಯವಿತ್ತು. ಸಾರಾ ಅಬೂಬಕ್ಕರ್ 'ಚಂದ್ರಗಿರಿಯ ತೀರದಲ್ಲಿ' ಬರೆದಾಗ ಅದು ಯಾವ ತೀರ್ಪುಗಾರರ ಮೇಜಿಗೂ ಹೋಗಲಿಲ್ಲ. 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಓದುಗರ ಕೈಗೆ ಹೋಯಿತು. ಅಲ್ಲಿನ ತಲಾಖ್ ನಾದಿರಾಳ ಬದುಕಿನೊಳಗಿಂದಲೇ ಹುಟ್ಟಿದ್ದು. ಈ ಹುಡುಗಿಯದು ಬಾಡಿಗೆಗೆ ತಂದ ದುಃಖ. ಇನ್ನೊಂದು ದಿಕ್ಕಿನಿಂದಲೂ ಒತ್ತಡವಿದೆ. ಸಮುದಾಯದ ಮಾನ ಕಾಪಾಡುವ, ಯಾರ ಮನಸ್ಸನ್ನೂ ನೋಯಿಸದ ಅಸ್ಗರಿಯರನ್ನೇ ಬರೆಯಿರಿ ಎನ್ನುವವರು ನಮ್ಮ ನಡುವೆಯೇ ಇದ್ದಾರೆ. ಎರಡೂ ಕಡೆಯವರು ಕೇಳುವುದು ಸಿದ್ಧ ಅಳತೆಯ ಅಂಗಿಯನ್ನೇ.

ಒಮ್ಮೆ ನಾನೂ ತೀರ್ಪುಗಾರರ ಪೈಕಿ ಒಬ್ಬಳಾಗಿದ್ದೆ. ಅಲ್ಲಿ ಕಂಡದ್ದನ್ನು ಹೇಳುತ್ತೇನೆ. ಮೂವರು ತೀರ್ಪುಗಾರರು ಮೂರು ಬೇರೆ ಬೇರೆ ಹಸ್ತಪ್ರತಿಗಳನ್ನು ಮೆಚ್ಚಿಕೊಂಡಿದ್ದೆವು. ಒಬ್ಬರು ತುಂಬ ಮೆಚ್ಚಿದ್ದನ್ನು ಇನ್ನೊಬ್ಬರು ಅಷ್ಟೇ ಬಲವಾಗಿ ತಳ್ಳಿಹಾಕಿದರು. ಸಂಜೆಯ ಹೊತ್ತಿಗೆ ಗೆದ್ದದ್ದು ನಮ್ಮಲ್ಲಿ ಯಾರಿಗೂ ಬೇಡವೆನಿಸದಿದ್ದ ನಾಲ್ಕನೆಯದು. ಯಾರೂ ಮೋಸ ಮಾಡಲಿಲ್ಲ. ಸಮಿತಿಯಲ್ಲಿ ಕೂತಾಗ ಆಗುವುದೇ ಹೀಗೆ. ಆದ್ದರಿಂದ ಸೋತ ಹಸ್ತಪ್ರತಿ ಕೆಟ್ಟದ್ದೆಂದು ತಿಳಿಯಬೇಕಾಗಿಲ್ಲ. ಬಹುಶಃ ಅದು ಒಬ್ಬರಿಗಾದರೂ ಬಹಳ ಹಿಡಿಸಿದ್ದಿರಬಹುದು. ಆ ಒಬ್ಬರು ಯಾರೆಂದು ಬರೆದವರಿಗೆ ಎಂದೂ ತಿಳಿಯುವುದಿಲ್ಲ.

ಹಾಗಾದರೆ ಕಳಿಸಬಾರದೇ? ಕಳಿಸಬೇಕು ಎಂದೇ ನನ್ನ ಅಭಿಪ್ರಾಯ. ಪರಿಚಯ, ವಶೀಲಿ, ಜಾತಿಬಂಧು ಯಾವುದೂ ಇಲ್ಲದ ಊರಿನ ಹುಡುಗ ಹುಡುಗಿಯರಿಗೆ ಹೆಸರು ಮರೆಮಾಡಿ ಓದುವ ಸ್ಪರ್ಧೆ ನಿಜವಾದ ಉಪಕಾರ. ಮೊದಲ ಪುಟದಲ್ಲೇ 'ಅಮ್ಮಿ', 'ಅಬ್ಬಾ' ಎಂದು ಬಂದರೆ ನಮ್ಮ ಗುರುತು ಸಿಕ್ಕಿಬಿಡುತ್ತದೆ, ಅದು ಬೇರೆ ಮಾತು. ವಸುಧೇಂದ್ರರ ಛಂದ ಪುಸ್ತಕ ಇನ್ನೂ ಕಥಾಸಂಕಲನ ತಾರದವರ ಹಸ್ತಪ್ರತಿಗಳಿಗೆ ಸ್ಪರ್ಧೆ ನಡೆಸಿ ಎಷ್ಟೋ ಹೊಸಬರ ಮೊದಲ ಪುಸ್ತಕಗಳನ್ನು ಹೊರತಂದಿದೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ನೆರವು ನೀಡುತ್ತ ಬಂದಿದೆ. ಇದಲ್ಲದೆ ಕೊನೆಯ ದಿನಾಂಕ ಎಂಬುದೊಂದು ಇಲ್ಲದಿದ್ದರೆ ನಮ್ಮಲ್ಲಿ ಎಷ್ಟೋ ಕಾದಂಬರಿಗಳು ಹನ್ನೊಂದನೆಯ ಅಧ್ಯಾಯದಲ್ಲೇ ನಿಂತುಬಿಡುತ್ತವೆ.

ಆದರೆ ಕಳಿಸುವ ಮುನ್ನ ನಿಯಮಗಳನ್ನು ಬಾಡಿಗೆ ಕರಾರಿನ ಹಾಗೆ ಓದಬೇಕು. ಕೃತಿಯ ಹಕ್ಕು ಯಾರಲ್ಲಿ ಉಳಿಯುತ್ತದೆ? ಗೆಲ್ಲದವರ ಕೃತಿಯನ್ನೂ ಪ್ರಕಟಿಸುವ ಹಕ್ಕು ತಮ್ಮದೆಂದು ಎಲ್ಲಾದರೂ ಬರೆದಿದ್ದಾರೆಯೇ? ಫಲಿತಾಂಶ ಎಂದು, ಅಲ್ಲಿಯವರೆಗೆ ಬೇರೆಲ್ಲೂ ಕೊಡಬಾರದೇ? ಬಹುಮಾನವೆಂದರೆ ಹಣ ಮಾತ್ರವೋ, ಪುಸ್ತಕ ಪ್ರಕಟಣೆಯೂ ಸೇರಿದೆಯೋ? ಪ್ರವೇಶ ಶುಲ್ಕವನ್ನೂ ಕೇಳಿ, ತೀರ್ಪುಗಾರರ ಹೆಸರನ್ನೂ ಹೇಳದಿದ್ದರೆ ಅಂಥಲ್ಲಿಗೆ ಹೋಗದಿರುವುದೇ ಲೇಸು. ನಿಮ್ಮ ಬಳಿ ಒಂದು ಪ್ರತಿ ಇಟ್ಟುಕೊಳ್ಳದೆ ಕಾಗದವಾಗಲಿ ಕಡತವಾಗಲಿ ಮನೆಯಿಂದ ಹೊರಡಬಾರದು.

ಇವೆಲ್ಲಕ್ಕಿಂತ ಮುಖ್ಯವಾದದ್ದು ಒಂದಿದೆ. ಕಾದಂಬರಿ ಮುಗಿದ ಮೇಲೆ ಸ್ಪರ್ಧೆಯನ್ನು ಹುಡುಕಬೇಕೇ ಹೊರತು ಸ್ಪರ್ಧೆಯನ್ನು ನೋಡಿಕೊಂಡು ಕಾದಂಬರಿ ಬರೆಯಬಾರದು. ಬಾನು ಮುಷ್ತಾಕ್ ಅವರ 'ಹಾರ್ಟ್ ಲ್ಯಾಂಪ್'ಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮವರೆಲ್ಲ ಸಂಭ್ರಮಿಸಿದೆವು. ದೀಪಾ ಭಾಸ್ತಿ ಅನುವಾದಿಸಿದ ಆ ಕತೆಗಳು ಹೊಸವಲ್ಲ, ಮೂರು ದಶಕಗಳ ಅವಧಿಯಲ್ಲಿ ಕನ್ನಡದಲ್ಲಿ ಬರೆದವು. ಅವುಗಳನ್ನು ಬರೆಯುವಾಗ ಲಂಡನ್ನಿನ ಯಾವ ತೀರ್ಪುಗಾರನೂ ಅವರ ಎದುರು ಕುಳಿತಿರಲಿಲ್ಲ. ಎದುರಿಗೆ ಇದ್ದದ್ದು ಹಾಸನದಂಥ ಊರಿನ ಹೆಂಗಸರ ಬದುಕು.

ಆ ಹುಡುಗಿಗೆ ನಲವತ್ತು ಪುಟ ತೆಗೆದು, ಉಳಿದದ್ದನ್ನು ಮೊದಲು ಅಕ್ಕಂದಿರಿಗೆ ಓದಿ ಹೇಳು ಎಂದೆ. ಪಾಲು ಕೇಳಿ ಸೋತ ಹೆಣ್ಣುಮಕ್ಕಳು ಆ ಮನೆಯಲ್ಲಿದ್ದರೆ ಎಲ್ಲಿ ಸುಳ್ಳಿದೆ ಎಂದು ಯಾವ ಸಮಿತಿಗಿಂತಲೂ ಬೇಗ ಹೇಳುತ್ತಾರೆ. ಅವರು ತಿದ್ದಿದ ಮೇಲೆ ಬೇಕಾದರೆ ಸ್ಪರ್ಧೆಗೆ ಕಳಿಸಲಿ. ಗೆದ್ದರೆ ಪುಸ್ತಕವಾಗುತ್ತದೆ. ಸೋತರೆ ಕಾದಂಬರಿ ಹಾಗೆಯೇ ಇರುತ್ತದೆ, ಅದನ್ನು ಇನ್ನೊಂದು ಬಾಗಿಲಿಗೆ ಒಯ್ಯಬಹುದು. ಆದರೆ ಗೆಲ್ಲಲೆಂದೇ ಬದಲಿಸಿದ ಕಾದಂಬರಿ ಸೋತರೆ ಅವಳ ಕೈಯಲ್ಲಿ ಬಹುಮಾನವೂ ಇರುವುದಿಲ್ಲ, ಅವಳ ಕಾದಂಬರಿಯೂ ಇರುವುದಿಲ್ಲ.