ಲಾ ಪೋಸಾದ ಜನವರಿ

ಏಳು ಗಂಟೆಯಾದರೂ ಹೊರಗೆ ಸರಿಯಾಗಿ ಬೆಳಕು ಹರಿದಿಲ್ಲ. ನೀವು ಮಲಗಿರುವುದು ಒಂದು ಮನೆಗಾಡಿಯ ಊಟದ ಮೇಜಿನ ಮೇಲೆ. ರಾತ್ರಿ ಅದರ ಕಾಲು ಕಳಚಿ, ಹಲಗೆಯನ್ನು ಎರಡು ಬೆಂಚುಗಳ ನಡುವೆ ಕೂರಿಸಿ, ಮೇಲೆ ಮೆತ್ತೆ ಹಾಸಿದರು. ಅತಿಥಿಗೆ ಹಾಸಿಗೆ ಸಿದ್ಧವಾಯಿತು. ಕಾಲು ಚಾಚಿದರೆ ಪಾದ ಗೋಡೆಗೆ ತಗಲುತ್ತದೆ. ತಲೆಯ ಪಕ್ಕದ ಗಾಜು ಬೆವರಿದೆ. ಹೊರಗೆ ಐದು ಡಿಗ್ರಿ ಇದ್ದೀತು. ಮಧ್ಯಾಹ್ನ ಅಂಗಿಯ ತೋಳು ಮಡಚಿಸುವ ಅರಿಜೋನಾದ ಈ ಮರುಭೂಮಿ ರಾತ್ರಿ ಎರಡು ಕಂಬಳಿ ಕೇಳುತ್ತದೆ.

ಹಿಂದಿನ ಕೋಣೆಯ ಮಡಚುಬಾಗಿಲು ಸರಿಯುತ್ತದೆ. ಗಾಡಿಯ ಒಡತಿ ಉಣ್ಣೆಯ ಕಾಲುಚೀಲದಲ್ಲಿ ಸದ್ದಿಲ್ಲದೆ ಬಂದು, ದೀಪ ಹಾಕುವ ಮೊದಲು ಬಾಗಿಲ ಪಕ್ಕದ ಅಂಗೈಯಗಲದ ಪರದೆ ನೋಡುತ್ತಾರೆ. 58. ಬ್ಯಾಟರಿಯಲ್ಲಿ ನೂರಕ್ಕೆ ಅಷ್ಟು ಉಳಿದಿದೆ. ದೊಡ್ಡ ಹೀಟರಿನ ಫ್ಯಾನ್ ರಾತ್ರಿ ಓಡಿದ್ದರ ಲೆಕ್ಕ ಅದರಲ್ಲಿದೆ. ಆಕೆ ಅದನ್ನು ಆರಿಸಿ, ವಿದ್ಯುತ್ತೇ ಬೇಡದ ಪುಟ್ಟ ಗ್ಯಾಸ್ ಹೀಟರ್ ಹಚ್ಚಿ, ಕಿಟಕಿಯನ್ನು ಎರಡು ಬೆರಳಗಲ ತೆರೆಯುತ್ತಾರೆ. ಚಳಿಯಲ್ಲಿ ಕಿಟಕಿ ಯಾಕೆ ತೆರೆದರೆಂದು ನೀವು ಕೇಳುವ ಮೊದಲೇ ಸೂರಿನ ಕೆಳಗಿನ ಕಾರ್ಬನ್ ಮಾನಾಕ್ಸೈಡ್ ಅಲಾರಮ್ ತೋರಿಸುತ್ತಾರೆ. ಮೂವತ್ತು ವರ್ಷ ನರ್ಸ್ ಆಗಿದ್ದವರು. ಉಸಿರಾಟದ ವಿಷಯದಲ್ಲಿ ರಾಜಿಯಿಲ್ಲ. ಕಾಫಿಗೆ ವಿದ್ಯುತ್ ಯಂತ್ರವಿಲ್ಲ. ನೀಲಿ ಜ್ವಾಲೆಯ ಮೇಲೆ ಉಕ್ಕಿನ ಪರ್ಕೊಲೇಟರ್, ಮುಚ್ಚಳದ ಗಾಜಿನ ಗುಬುಟಿನಲ್ಲಿ ಕಂದು ಬಣ್ಣ ಕುಣಿಯತೊಡಗಿದಾಗ ಗಾಡಿಯ ತುಂಬ ಪರಿಮಳ.

ಬಾಗಿಲು ತೆರೆದು ಮೆಟ್ಟಿಲಿಳಿಯಿರಿ. ಕಾಲ ಕೆಳಗೆ ಜಲ್ಲಿ ಹಾಸಿದಂಥ ಕಪ್ಪು ನೆಲ, ಅಲ್ಲಲ್ಲಿ ಕ್ರಿಯೊಸೋಟ್ ಪೊದೆ, ಪಶ್ಚಿಮಕ್ಕೆ ಡೋಮ್ ರಾಕ್ ಬೆಟ್ಟಸಾಲು. ಕಣ್ಣು ಹಾಯುವವರೆಗೆ ಬಿಳಿಯ ಗಾಡಿಗಳು, ಒಂದಕ್ಕೊಂದು ದೂರ ದೂರ. ಇದು ಕ್ವಾರ್ಟ್ಜ್‌ಸೈಟ್ ಊರಿನ ದಕ್ಷಿಣಕ್ಕಿರುವ ಲಾ ಪೋಸಾ ಬಯಲು. ಕ್ಯಾಲಿಫೋರ್ನಿಯಾದ ಗಡಿಯಾದ ಕೊಲರಾಡೋ ನದಿಗೆ ಇಲ್ಲಿಂದ ಮೂವತ್ತು ಕಿಲೋಮೀಟರ್ ಆಸುಪಾಸು. ಊರಿನ ಕಾಯಂ ಜನ ಎರಡೂವರೆ ಸಾವಿರದಷ್ಟು. ಚಳಿಗಾಲದಲ್ಲಿ ಉತ್ತರದ ಹಿಮ ಬಿಟ್ಟು ಬರುವವರಿಂದ ಬಯಲೇ ಪಟ್ಟಣವಾಗುತ್ತದೆ. ಭೂಮಿ ಅಮೆರಿಕದ ಕೇಂದ್ರ ಸರ್ಕಾರದ್ದು. ಅದರ ಭೂನಿರ್ವಹಣಾ ಇಲಾಖೆ 1983ರಲ್ಲಿ ಇಂಥ ದೀರ್ಘಾವಧಿ ತಾಣಗಳನ್ನು ಗೊತ್ತುಮಾಡಿತು. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಇರಲು ಒಂದೇ ಪರವಾನಗಿ ಚೀಟಿ. ಬಹಳ ವರ್ಷಗಳ ಕಾಲ ಅದರ ದರ 180 ಡಾಲರ್. ಅಷ್ಟಕ್ಕೆ ಸಿಗುವುದು ಸಾಮೂಹಿಕ ನಲ್ಲಿ, ಮಲಿನ ನೀರು ಸುರಿಯುವ ಜಾಗ, ಕಸದ ಡಬ್ಬಗಳು, ಆಕಾಶ. ಕರೆಂಟಿನ ಕಂಬ, ಗಾಡಿಗೆಂದೇ ಕೊಳಾಯಿ, ಗುರುತು ಹಾಕಿದ ನಿವೇಶನ ಇವೊಂದೂ ಇಲ್ಲ. ಎಲ್ಲಿ ಬೇಕಾದರೂ ನಿಲ್ಲಿ, ನಿಮ್ಮದನ್ನು ನೀವೇ ನೋಡಿಕೊಳ್ಳಿ ಎಂಬುದು ಒಪ್ಪಂದ.

ಸೂರ್ಯ ಮೇಲೇರಿದಂತೆ ಆಕೆಯ ಯಜಮಾನರು ಏಣಿ ತರುತ್ತಾರೆ. ವೃತ್ತಿಯಲ್ಲಿ ಶಾಲಾ ಬಸ್ಸುಗಳ ಮೆಕ್ಯಾನಿಕ್, ಈಗ ಎಪ್ಪತ್ತು ದಾಟಿದೆ. ಚಳಿಗಾಲದ ಬಿಸಿಲು ಓರೆ. ಸೂರಿನ ಮೇಲೆ ಮಲಗಿರುವ ಸೋಲಾರ್ ಹಲಗೆಗಳನ್ನು ದಕ್ಷಿಣಕ್ಕೆ ಎತ್ತಿ ನಿಲ್ಲಿಸದಿದ್ದರೆ ಬರುವುದರಲ್ಲಿ ಬಹಳಷ್ಟು ಕೈತಪ್ಪುತ್ತದೆ. ಮೊದಲೆಲ್ಲ ಮೇಲೆ ಹತ್ತಿ ನಡೆದಾಡುತ್ತಿದ್ದರಂತೆ. ಈಗ ಆಕೆಯ ಅಪ್ಪಣೆ ಬೇರೆ: ಏಣಿಯ ನಾಲ್ಕನೇ ಮೆಟ್ಟಿಲಾಚೆ ಹೋಗುವಂತಿಲ್ಲ. ಅದಕ್ಕೆಂದು ಅವರು ಅಂಚಿನಿಂದಲೇ ಎಳೆಯುವ ಉದ್ದನೆಯ ಕೊಕ್ಕೆಕೋಲು ಮಾಡಿಕೊಂಡಿದ್ದಾರೆ. ಕೆಳಗೆ ಆಕೆ ಎರಡೂ ಕೈಗಳಲ್ಲಿ ಏಣಿ ಹಿಡಿದು, ಒಂದು ಪಾದವನ್ನು ಅದರ ಬುಡಕ್ಕೆ ಒತ್ತಿ ನಿಂತಿದ್ದಾರೆ. ಹಲಗೆ ಎದ್ದು ನಿಂತು ಕೊಕ್ಕೆ ಕಚ್ಚಿಕೊಂಡಾಗ ಮೇಲಿನಿಂದ “ಆಯ್ತು” ಎಂಬ ಮಾತು ಬರುತ್ತದೆ. ಅವರ ಬೂಟು ನೆಲ ಮುಟ್ಟುವವರೆಗೂ ಆಕೆ ಕೈ ಸಡಿಲಿಸುವುದಿಲ್ಲ.

ಇನ್ನು ಸ್ನಾನ. ಒಳಗೆ ಹೋಗುವ ಮುನ್ನ ನಿಮ್ಮ ಕೈಗೆ ಒಂದು ಪ್ಲಾಸ್ಟಿಕ್ ಜಗ್ ಬರುತ್ತದೆ. ನಲ್ಲಿ ತಿರುಗಿಸಿದಾಗ ಬಿಸಿನೀರು ಬರುವ ಮೊದಲು ಸುರಿಯುವ ತಣ್ಣೀರನ್ನು ಅದರಲ್ಲಿ ಹಿಡಿಯಬೇಕು. ಕಕ್ಕಸಿಗೆ ಹಾಕಲು ಅದೇ. ಮೈ ನೆನೆಸಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ತೆರೆದು ತೊಳೆದುಕೊಳ್ಳಿ. ಗಾಡಿಯ ಹೊಟ್ಟೆಯಲ್ಲಿ ಮೂರು ತೊಟ್ಟಿಗಳಿವೆ: ಶುದ್ಧ ನೀರಿಗೊಂದು, ಬಚ್ಚಲು ಮತ್ತು ಪಾತ್ರೆಯ ನೀರಿಗೊಂದು, ಕಕ್ಕಸಿಗೊಂದು. ಶುದ್ಧ ನೀರಿನದು ಸುಮಾರು 280 ಲೀಟರ್ ಹಿಡಿಯುತ್ತದೆ. ಊರಿನ ಮನೆಯಲ್ಲಿ ಎರಡು ದಿನಕ್ಕೂ ಸಾಲದ ಆ ನೀರು ಇವರಿಬ್ಬರಿಗೆ ಹತ್ತು ದಿನ ದಾಟಿಸುತ್ತದೆ. ತಟ್ಟೆಗಳನ್ನು ಕಾಗದದಿಂದ ಒರೆಸಿದ ಮೇಲೆಯೇ ತೊಳೆಯುವುದು. ತರಕಾರಿ ತೊಳೆದ ನೀರು ಬಕೆಟ್ಟಿಗೆ. ಇದನ್ನು ಕಷ್ಟವೆಂದು ಇಬ್ಬರೂ ಹೇಳುವುದಿಲ್ಲ. ನನಗೂ ಇದು ಕಷ್ಟವಾಗಿ ಕಾಣುವುದಿಲ್ಲ. ಬಳಸಿದ್ದು ಎಷ್ಟು, ಉಳಿದದ್ದು ಎಷ್ಟು ಎಂದು ತಿಳಿದು ಬದುಕುವುದರಲ್ಲಿ ಒಂದು ನೆಮ್ಮದಿಯಿದೆ. ಮಿನೆಸೋಟಾದ ಮೂರು ಕೋಣೆಯ ಮನೆಯಲ್ಲಿ ಅದು ತಮಗೆ ಗೊತ್ತಿರಲಿಲ್ಲ ಎಂದು ಆಕೆಯೇ ಹೇಳುತ್ತಾರೆ.

ಇನ್ನೂರೈವತ್ತು ಚದರಡಿಯಲ್ಲಿ ಎರಡು ಜೀವ. ಒಬ್ಬರು ಒಲೆಯ ಮುಂದೆ ನಿಂತರೆ ಇನ್ನೊಬ್ಬರು ಕೂತಿರಬೇಕು. ಫ್ರಿಜ್ ತೆರೆಯಬೇಕಾದರೆ ಹಾದುಹೋಗುವವರು ನಿಲ್ಲಬೇಕು. ಹೊಸದಾಗಿ ಬಂದ ನೀವು ಅರ್ಧ ದಿನದಲ್ಲಿ ನಾಲ್ಕಾರು ಸಲ ಯಾರಿಗಾದರೂ ಡಿಕ್ಕಿ ಹೊಡೆಯುತ್ತೀರಿ. ಅವರಿಬ್ಬರು ಹೊಡೆಯುವುದಿಲ್ಲ. ಆಕೆ ತಿರುಗುವ ಹೊತ್ತಿಗೆ ಯಜಮಾನರ ಭುಜ ತಾನಾಗಿ ಸರಿದಿರುತ್ತದೆ. ಮನಸ್ತಾಪವೂ ಆಗುತ್ತದೆ, ನೀವಿರುವಾಗಲೇ ಆಯಿತು: ಯಾವುದೋ ಸ್ಪ್ಯಾನರ್ ಕಟ್ಲೆರಿಯ ಡ್ರಾಯರಿನಲ್ಲಿ ಸಿಕ್ಕಿದ್ದಕ್ಕೆ. ಯಜಮಾನರು ಟೋಪಿ ಹಾಕಿಕೊಂಡು ಒಣಹಳ್ಳದ ಕಡೆ ನಡೆದರು. ಒಂದು ಗಂಟೆಯ ನಂತರ ಜೇಬು ತುಂಬ ಬಣ್ಣದ ಬೆಣಚುಕಲ್ಲು ತಂದು, ಸ್ಪ್ಯಾನರನ್ನು ಅದರ ಪೆಟ್ಟಿಗೆಗೆ ಹಾಕಿದರು.

ಮಧ್ಯಾಹ್ನ ಮೇಜು ಮತ್ತೆ ಮೇಜಾಗಿದೆ. ಅದರ ಮೇಲೆ ಕಾಗದಪತ್ರ. ಮನೆ ಮಾರಿದವರಿಗೆ ವಿಳಾಸ ಎಲ್ಲಿಯದು? ಇವರದು ಸೌತ್ ಡಕೋಟಾ. ಅಲ್ಲಿ ಒಂದು ರಾತ್ರಿ ತಂಗಿದ ರಸೀದಿ, ಅಂಚೆ ಪಡೆದು ಮುಂದಕ್ಕೆ ಕಳಿಸುವ ಸೇವೆಯೊಂದರ ವಿಳಾಸ ಇವೆರಡನ್ನು ತೋರಿಸಿ ಚಾಲನಾ ಪರವಾನಗಿ ಮಾಡಿಸಿದರು. ರಾಜ್ಯದ ಆದಾಯ ತೆರಿಗೆಯಿಲ್ಲದ ಊರೆಂಬುದು ಇನ್ನೊಂದು ಅನುಕೂಲ. ಟೆಕ್ಸಾಸ್, ಫ್ಲಾರಿಡಾಗಳನ್ನೂ ಗಾಡಿವಾಸಿಗಳು ಆರಿಸಿಕೊಳ್ಳುವುದು ಇದೇ ಕಾರಣಕ್ಕೆ. ಆರೋಗ್ಯ ವಿಮೆಯನ್ನು ಆಕೆ ಹಟ ಹಿಡಿದು, ಹಿರಿಯರಿಗೆ ಸರ್ಕಾರ ಕೊಡುವ ಮೆಡಿಕೇರ್ ವಿಮೆಯ ಹಳೆಯ ಮಾದರಿಯಲ್ಲೇ ಉಳಿಸಿದ್ದಾರೆ. ಅದನ್ನು ಒಪ್ಪುವ ವೈದ್ಯರು ದೇಶದ ಯಾವ ಮೂಲೆಯಲ್ಲಿದ್ದರೂ ನಡೆಯುತ್ತದೆ. ಖಾಸಗಿ ವಿಮಾ ಕಂಪನಿಗಳು ನಡೆಸುವ ಬದಲಿ ಯೋಜನೆಗಳು ಸಾಮಾನ್ಯವಾಗಿ ಒಂದು ಪ್ರದೇಶದ ವೈದ್ಯರಿಗೆ ಕಟ್ಟಿಹಾಕುತ್ತವೆ. ಮೆಡಿಕೇರ್ ಸಾಮಾನ್ಯವಾಗಿ ಹಲ್ಲಿನ ಖರ್ಚು ಕೊಡುವುದಿಲ್ಲವಾದ್ದರಿಂದ ಹಲ್ಲುನೋವು ಬಂದರೆ ದಕ್ಷಿಣಕ್ಕೆ ಯೂಮಾದತ್ತ ಪಯಣ, ಅಲ್ಲಿಂದ ಗಡಿ ದಾಟಿದರೆ ಮೆಕ್ಸಿಕೋದ ಲೋಸ್ ಅಲ್ಗೊಡೋನೆಸ್. ದಂತವೈದ್ಯರಿಂದಲೇ ತುಂಬಿದ ಆ ಪುಟ್ಟ ಊರಿನಲ್ಲಿ ಸಾಲು ಕಟ್ಟಿ ನಿಲ್ಲುವವರಲ್ಲಿ ಬಹುಪಾಲು ಬೆಳ್ಳಿಗೂದಲಿನವರು.

ಇವರು ಬಯಸಿ ಬಂದವರು. ಎಲ್ಲರೂ ಹಾಗಲ್ಲ, ಅದನ್ನು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಪೆನ್ಷನ್ ಹಣದಲ್ಲಿ ಬಾಡಿಗೆ ಕಟ್ಟಲಾಗದೆ ವ್ಯಾನಿನಲ್ಲಿ ಮಲಗುವವರು ಇದೇ ಬಯಲಿನಲ್ಲಿದ್ದಾರೆ. ಶರತ್ಕಾಲದಲ್ಲಿ ಸಕ್ಕರೆ ಬೀಟ್ ಕೊಯ್ಲಿಗೆ, ಬೇಸಿಗೆಯಲ್ಲಿ ಕ್ಯಾಂಪುಗಳ ಕಾವಲಿಗೆ ಹೋಗಿ ಸಂಪಾದಿಸಿದ್ದರಲ್ಲಿ ಅವರ ಚಳಿಗಾಲ ಕಳೆಯಬೇಕು. ಜೆಸಿಕಾ ಬ್ರೂಡರ್ 2017ರಲ್ಲಿ ‘ನೋಮ್ಯಾಡ್‌ಲ್ಯಾಂಡ್’ ಪುಸ್ತಕದಲ್ಲಿ ಬರೆದದ್ದು ಅಂಥವರನ್ನು ಕುರಿತೇ. ಪಕ್ಕದ ವ್ಯಾನಿನಲ್ಲಿ ಒಬ್ಬಂಟಿ ಹೆಂಗಸೊಬ್ಬರಿದ್ದಾರೆ. ಈ ಗಾಡಿಯಲ್ಲಿ ಬೇಯಿಸಿದ ಹುರುಳಿಕಾಯಿ ಸೂಪಿನ ಒಂದು ಪಾಲು ದಿನವೂ ಅತ್ತ ಹೋಗುತ್ತದೆ. ಬಟ್ಟಲು ಮರಳಿ ಬರುವಾಗ ಖಾಲಿ ಬರುವುದಿಲ್ಲ. ಒಮ್ಮೆ ಕಿತ್ತಳೆ, ಒಮ್ಮೆ ಹೊಲಿದುಕೊಟ್ಟ ಪರದೆ.

ಸಂಜೆ ಆರಕ್ಕೆ ಮುನ್ನವೇ ಸೂರ್ಯ ಬೆಟ್ಟದ ಹಿಂದೆ. ನಾಲ್ಕು ಗಾಡಿಗಳ ಜನ ಮಡಚುಕುರ್ಚಿ ತಂದು ಬೆಂಕಿಯ ಸುತ್ತ ಕೂರುತ್ತಾರೆ. ಮಾತು ಟೈರಿನಿಂದ ಶುರು. ಇವರ ಟೈರುಗಳ ಗೋಡೆಯ ಮೇಲಿರುವ ಕೊನೆಯ ನಾಲ್ಕು ಅಂಕಿ 2318, ಅಂದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಹಲ್ಲು ಸವೆಯದಿದ್ದರೂ ಬಿಸಿಲಿಗೆ ರಬ್ಬರ್ ಮುದಿಯಾಗುತ್ತದೆ, ಬದಲಿಸಲೇಬೇಕು ಎಂಬುದು ಸಭೆಯ ತೀರ್ಮಾನ. ಆಮೇಲೆ ಹೈ ಜಾಲಿಯ ಸಮಾಧಿಯ ಮಾತು. ಅಮೆರಿಕದ ಸೇನೆ ಮರುಭೂಮಿ ದಾಟಲು ಒಂಟೆಗಳನ್ನು ತರಿಸಿ ನೋಡಿದ ಕಾಲದಲ್ಲಿ, 1856ರಲ್ಲಿ, ಅವುಗಳ ಜತೆ ಬಂದ ಹಾಜಿ ಅಲಿ 1902ರಲ್ಲಿ ಇಲ್ಲೇ ತೀರಿಕೊಂಡರು. ಹೆಸರು ಇಲ್ಲಿಯವರ ನಾಲಿಗೆಯಲ್ಲಿ ಹೈ ಜಾಲಿಯಾಯಿತು. ಊರಿನ ಸ್ಮಶಾನದಲ್ಲಿ ಕಲ್ಲಿನ ಪಿರಮಿಡ್, ಅದರ ತುದಿಯಲ್ಲಿ ಲೋಹದ ಒಂಟೆ. ಅಲೆದು ಬಂದು ನಿಂತವನನ್ನು ಈ ಜನ ತಮ್ಮವನೆಂದೇ ಎಣಿಸುತ್ತಾರೆ.

ಒಂದು ಕುರ್ಚಿಯವರು ಈ ಸಲ ಬಂದಿಲ್ಲ. ಟೆಕ್ಸಾಸಿನ ಲಿವಿಂಗ್‌ಸ್ಟನ್‌ಗೆ ಹೋದರಂತೆ. ಅಲ್ಲಿ ಎಸ್ಕೇಪೀಸ್ ಕ್ಲಬ್ಬಿನ ನೆಲೆಯಿದೆ. ಜೋ ಮತ್ತು ಕೇ ಪೀಟರ್ಸನ್ ದಂಪತಿ 1978ರಲ್ಲಿ ಶುರುಮಾಡಿದ ಗಾಡಿವಾಸಿಗಳ ಬಳಗ. ಗಾಡಿ ಓಡಿಸಲಾಗದಷ್ಟು ಮುಪ್ಪು ಅಥವಾ ಕಾಯಿಲೆ ಬಂದವರು ಅಲ್ಲಿ ತಮ್ಮ ಗಾಡಿಯಲ್ಲೇ ವಾಸವಿದ್ದು ಊಟ, ಮನೆಗೆಲಸ, ವೈದ್ಯರ ಬಳಿ ಹೋಗಿಬರುವ ನೆರವು ಪಡೆಯಬಹುದು. ಈ ಬದುಕಿನ ಬಗ್ಗೆ ನಾನು ಕೇಳಿದ ವಿಷಯಗಳಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದು. ರಸ್ತೆಯ ಸುಖವನ್ನು ಕುರಿತು ಎಲ್ಲರೂ ಹೇಳುತ್ತಾರೆ. ಬೀಗದಕೈ ಕೆಳಗಿಡುವ ದಿನಕ್ಕೆ ಯಾರು ಏನು ಮಾಡಿಟ್ಟಿದ್ದಾರೆ ಎಂಬುದು ದೊಡ್ಡ ಪ್ರಶ್ನೆ. ಯಜಮಾನರ ಎಡಗಣ್ಣಿಗೆ ಪೊರೆ ಬರುತ್ತಿದೆ. ರಾತ್ರಿ ಎದುರು ದೀಪಗಳ ಸುತ್ತ ಬಳೆ ಕಾಣುತ್ತದೆ ಎಂದು ಬೆಂಕಿಯ ಮುಂದೆ ಮೊದಲ ಸಲ ಬಾಯಿಬಿಟ್ಟು ಹೇಳುತ್ತಾರೆ. ಯಾರೂ ತಕ್ಷಣ ಸಮಾಧಾನ ಹೇಳುವುದಿಲ್ಲ. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಒಬ್ಬರು ಎಷ್ಟು ದಿನ ಭಾರ ಎತ್ತಬಾರದು, ಯಾವ ತೊಟ್ಟು ಎಷ್ಟು ಹೊತ್ತಿಗೆ ಹಾಕಬೇಕು ಎಂದು ವಿವರಿಸುತ್ತಾರೆ. ಆಕೆ ಫೋನಿನಲ್ಲಿ ಬರೆದುಕೊಳ್ಳುತ್ತಾರೆ.

ಮರುದಿನ ಬೆಳಗ್ಗೆ ಕಕ್ಕಸಿನ ತೊಟ್ಟಿಯ ಕೆಂಪು ದೀಪ ಹತ್ತಿದೆ. ಮನೆ ಹೊರಡಬೇಕು. ಕಪ್ಪುಗಳ ನಡುವೆ ಟವೆಲ್, ಫ್ರಿಜ್ಜಿಗೆ ಚಿಲಕ, ಅಂಟೆನಾ ಕೆಳಗೆ, ಸೋಲಾರ್ ಹಲಗೆ ಮಲಗಿಸಿ. ಗೋಡೆಯೊಂದು ಮೋಟರಿನ ಸದ್ದಿನೊಂದಿಗೆ ಒಳಸರಿದು ಹಜಾರವನ್ನು ಓಣಿಯಾಗಿಸುತ್ತದೆ. ಆಕೆ ಕೈಬರಹದ ಪಟ್ಟಿ ಓದುತ್ತಾರೆ, ಯಜಮಾನರು ಪ್ರತಿಯೊಂದಕ್ಕೂ “ಹೂಂ” ಎನ್ನುತ್ತಾರೆ. ಕೊನೆಯ ಸಾಲು ಮೆಟ್ಟಿಲು ಒಳಗೆ. ನೀವು ಗಮನಿಸಿ, ಚಾಲಕರ ಸೀಟಿಗೆ ಹೋಗುತ್ತಿರುವವರು ಆಕೆ. ಸೀಟನ್ನು ಮುಂದಕ್ಕೆಳೆದು, ಕನ್ನಡಿಗಳನ್ನು ತನ್ನ ಎತ್ತರಕ್ಕೆ ತಿರುಗಿಸಿ, ಮೂವತ್ತಡಿ ಉದ್ದದ ಗಾಡಿಯನ್ನು ಜಲ್ಲಿಯ ಮೇಲೆ ನಡಿಗೆಯ ವೇಗದಲ್ಲಿ ಬಿಡುತ್ತಾರೆ. ಯಜಮಾನರ ಬಲಗಾಲು ಇಲ್ಲದ ಬ್ರೇಕನ್ನು ಎರಡು ಸಲ ಒತ್ತುತ್ತದೆ. ಬಾಯಿ ಮಾತ್ರ ಏನೂ ಹೇಳುವುದಿಲ್ಲ.

ಮಲಿನ ನೀರು ಸುರಿಯುವಲ್ಲಿ ಆರೇಳು ಗಾಡಿಗಳ ಸಾಲು. ಮುಂದಿನ ಗಾಡಿಯವರು ಹೊಸಬರು. ಕೊಳವೆ ಹಿಡಿದು ನಿಂತಿದ್ದಾರೆ, ಯಾವ ಕೀಲಿ ಮೊದಲು ಎಳೆಯಬೇಕೆಂದು ತೋಚಿಲ್ಲ. ಯಜಮಾನರು ರಬ್ಬರ್ ಕೈಗವಸು ಹಾಕಿಕೊಂಡು ಹೋಗಿ ಮಂಡಿಯೂರುತ್ತಾರೆ. ಮೊದಲು ಕಕ್ಕಸಿನದು, ಪೂರ್ತಿ ಹೋಗಲಿ. ಆಮೇಲೆ ಬಚ್ಚಲಿನದು, ಸೋಪಿನ ನೀರು ಕೊಳವೆಯನ್ನು ತಾನೇ ತೊಳೆಯುತ್ತದೆ. ಕಕ್ಕಸಿನ ಕೀಲಿಯನ್ನು ದಿನವೂ ತೆರೆದಿಟ್ಟಿರಬೇಡಿ, ನೀರೆಲ್ಲ ಹರಿದು ಗಟ್ಟಿಯದು ಒಳಗೇ ಗುಡ್ಡೆಯಾಗುತ್ತದೆ. ಹೊಸಬರು ಕೈಕುಲುಕಲು ಬಂದರೆ ಕೈಗವಸು ತೋರಿಸಿ ಮೊಣಕೈ ಚಾಚುತ್ತಾರೆ.

ನೀರು ತುಂಬಿಸಿಕೊಂಡು ಮರಳಿದಾಗ ಹಳೆಯ ಜಾಗದ ಪಕ್ಕವೇ ಖಾಲಿಯಿದೆ. ಅಡುಗೆ ಕಿಟಕಿ ಬೆಟ್ಟದ ಕಡೆಗಿರಲಿ ಎಂದು ಆಕೆ. ಹಾಗೆ ನಿಲ್ಲಿಸಿದರೆ ಹಲಗೆಗಳು ಬಿಸಿಲಿಗೆ ಓರೆಯಾಗುತ್ತವೆ ಎಂದು ಯಜಮಾನರು. ಸ್ಟೀರಿಂಗ್ ಆಕೆಯ ಕೈಯಲ್ಲಿದೆ. ಯಜಮಾನರು ಕೆಳಗಿಳಿದು ವಾಕಿಟಾಕಿಯಲ್ಲಿ ದಾರಿ ಹೇಳುತ್ತಾರೆ: ಹಿಂದೆ, ಇನ್ನೂ ಹಿಂದೆ, ಎಡಕ್ಕೆ, ನಿಲ್ಲಿಸು. ಬೆಟ್ಟವೂ ಸಿಕ್ಕಿತು, ಬಿಸಿಲೂ ಮುಕ್ಕಾಲು ಪಾಲು ಸಿಕ್ಕಿತು. ಇನ್ನು ಜಾಕ್‌ಗಳನ್ನು ಇಳಿಸಿ ಗಾಡಿಯನ್ನು ಮಟ್ಟಕ್ಕೆ ತರಬೇಕು. ಗ್ಯಾಸಿನ ಮೇಲೆ ನಡೆಯುವ ಈ ಫ್ರಿಜ್ ಓರೆ ನೆಲದಲ್ಲಿ ಕೆಲಸ ಮಾಡುವುದಿಲ್ಲ. ರಸಮಟ್ಟವನ್ನು ನಿಮ್ಮ ಕೈಗೆ ಕೊಟ್ಟು ಅಡುಗೆ ಕಟ್ಟೆಯ ಮೇಲಿಡಲು ಹೇಳಿದ್ದಾರೆ. ಗುಳ್ಳೆ ಇನ್ನೂ ಬಲಕ್ಕಿದೆ, ಕೂಗಿ ಹೇಳಿ.