ಕೂಸಿನೊಡನೆ ಕಡಲ ತೀರದಲ್ಲಿ ನಾಲ್ಕು ದಿನ

2019ರ ಜೂನ್ ತಿಂಗಳಲ್ಲಿ, ಮಗಳ ಹೆರಿಗೆ ರಜೆ ಮುಗಿಯುವ ಮುನ್ನ, ಏಳು ತಿಂಗಳ ಮೊಮ್ಮಗಳೊಡನೆ ನಾವು ಮ್ಯಾಂಚೆಸ್ಟರಿನಿಂದ ಸ್ಪೇನ್ ದೇಶದ ಮಯೋರ್ಕಾ ದ್ವೀಪಕ್ಕೆ ಹೋಗಿದ್ದೆವು. ಅಷ್ಟು ಎಳೆಯ ಕೂಸಿಗೆ ಕಡಲ ಪ್ರವಾಸವೇಕೆಂದು ಬಂಧುಗಳು ಕೇಳಿದ್ದುಂಟು.

ಮೆಡಿಟರೇನಿಯನ್ ಸಮುದ್ರವು ಅಟ್ಲಾಂಟಿಕ್ ಸಾಗರವನ್ನು ಕೂಡುವುದು ಜಿಬ್ರಾಲ್ಟರ್ ಜಲಸಂಧಿಯಲ್ಲಿ. ಅತಿ ಕಿರಿದಾದೆಡೆ ಅದರ ಅಗಲ ಸುಮಾರು 14 ಕಿ.ಮೀ. ಮಾತ್ರ. ಆದ್ದರಿಂದ ಅಲ್ಲಿ ಉಬ್ಬರವಿಳಿತ ಅತ್ಯಲ್ಪ. ಭೂಪಟದ ಮುಂದೆ ನಿಂತು ಇದನ್ನು ನಿಮಗೆಲ್ಲ ಎಷ್ಟು ಬಾರಿ ಹೇಳಿದ್ದೆನೋ! ಮಳೆಗಾಲದ ಮಲ್ಪೆಯನ್ನು ಕಂಡಿದ್ದ ನನಗೆ ಅಲ್ಕೂದಿಯಾದ ಆಳವಿಲ್ಲದ ಕಡಲು ನಮ್ಮೂರ ಕೆರೆಯಂತೆ ತೋರಿತು.

ಬೆಳಿಗ್ಗೆ ಹತ್ತರೊಳಗೆ ಕೂಸಿನ ಪಾದಗಳನ್ನು ನೀರಿಗೆ ತಾಕಿಸಿ, ಬಿಸಿಲೇರುವ ಮೊದಲೇ ಕೋಣೆ ಸೇರುತ್ತಿದ್ದೆವು. ಅಲ್ಲಿದ್ದ ಪುಟ್ಟ ಒಲೆಯ ಮೇಲೆ, ಊರಿನಿಂದ ಒಯ್ದಿದ್ದ ಹಿಟ್ಟಿನಿಂದ ರಾಗಿ ಸರಿ ಕಾಯಿಸಿ ನಾನೇ ಉಣಿಸುತ್ತಿದ್ದೆ. ಮಧ್ಯಾಹ್ನ ಕೂಸು ನನ್ನ ತೊಡೆಯ ಮೇಲೆ; ಮಗಳು ಒಳಗೆ ಗಾಢ ನಿದ್ರೆಯಲ್ಲಿ. ಏಳು ತಿಂಗಳಲ್ಲಿ ಆಕೆ ಎಡೆಬಿಡದೆ ಮೂರು ಗಂಟೆ ಮಲಗಿದ್ದು ಅದೇ ಮೊದಲು. ಬಂಧುಗಳ ಪ್ರಶ್ನೆಗೆ ಇದೇ ನನ್ನ ಉತ್ತರ.

ಮುಂದಿನ ಸೋಮವಾರ ಮಗಳು ಕೆಲಸಕ್ಕೆ, ಕೂಸು ಶಿಶುವಿಹಾರಕ್ಕೆ, ನಾನು ಊರಿಗೆ. ಆ ಕಡಲು ಮೊಮ್ಮಗಳ ನೆನಪಿನಲ್ಲಿ ಉಳಿದಿರಲಾರದು. ತೊಡೆಯ ಮೇಲಿನ ಆ ಭಾರವನ್ನು ನಾನು ಮರೆತಿಲ್ಲ. ಎಳೆಯ ಮಕ್ಕಳಿರುವ ನನ್ನ ವಿದ್ಯಾರ್ಥಿಗಳಿಗೆ ಹೇಳುವುದಿಷ್ಟೇ: ಪ್ರವಾಸ ಹೊರಡುವಾಗ ಅಜ್ಜಿಯೊಬ್ಬಳನ್ನು ಜೊತೆಗೆ ಕರೆದೊಯ್ಯಿರಿ.