ಹೊಸಬನಿಗೆ ಮೊದಲ ಪಟ್ಟು

ವಿಡಿಯೋ ಗೇಮ್ ಎಂದೊಡನೆ ಮೂಗು ಮುರಿಯುವ ಹಿರಿಯರು ನಮ್ಮಲ್ಲಿ ಬಹಳ. ಆದರೆ ಯಾವ ವಿದ್ಯೆಯೇ ಆಗಲಿ, ಅದನ್ನು ಹೊಸಬರಿಗೆ ಕಲಿಸುವ ಬಗೆಯನ್ನು ಗಮನಿಸುವುದು ನಿವೃತ್ತ ಶಿಕ್ಷಕನಾದ ನನಗೆ ಬಿಡಲಾಗದ ಚಟ.

ಬೇಸಿಗೆಯ ರಜೆಗೆ ಅಂಕಲಗಿಗೆ ಬಂದ ಮೊಮ್ಮಕ್ಕಳು 'ಟೆಕ್ಕೆನ್ 7' ಎಂಬ ಕಾಳಗದ ಆಟ ಹೂಡಿದ್ದರು. ಹಿರಿಯವನು ಪಳಗಿದವನು, ಕಿರಿಯವನು ಕೈಗೆ ಸಿಕ್ಕ ಗುಂಡಿಗಳನ್ನೆಲ್ಲ ಒತ್ತುವವನು. ಸಾಲಾಗಿ ಏಳು ಸಲ ಸೋತ ಮೇಲೆ, "ನಾ ಒಲ್ಲೆ ಅಣ್ಣಾ, ನೀ ಒಬ್ಬನ ಆಡು" ಎಂದು ಎದ್ದುಬಿಟ್ಟ. ಗೆದ್ದವನಿಗೆ ಜೊತೆಯೇ ಇಲ್ಲದಾಯಿತು. "ಸೋಲಿಸಿದ್ದು ಸಾಕು ಮಗಾ, ಅವಗ ಕಲಿಸು" ಎಂದೆ.

ಅವನು ಕಲಿಸಿದ ಕ್ರಮ ನನಗೆ ಮೆಚ್ಚುಗೆಯಾಯಿತು. ನಾಲ್ಕು ಗುಂಡಿಗಳು ಎರಡು ಕೈ, ಎರಡು ಕಾಲುಗಳಿಗೆ ಸೇರಿದವು ಎಂಬುದು ಮೊದಲ ಪಾಠ. ಎರಡನೆಯದು ತಡೆಯುವ ಪಾಠ. ನಿಂತು ತಡೆದರೆ ಮೇಲಿನ ಮತ್ತು ನಡುವಿನ ಪೆಟ್ಟುಗಳು ನಿಲ್ಲುತ್ತವೆ, ಕೆಳಗಿನದು ತಾಗುತ್ತದೆ. ಕುಳಿತು ತಡೆದರೆ ಕೆಳಗಿನದು ನಿಲ್ಲುತ್ತದೆ, ಮೇಲಿನದು ತಲೆಯ ಮೇಲೆ ಹಾದುಹೋಗುತ್ತದೆ, ನಡುವಿನದು ತಾಗುತ್ತದೆ. ಎದುರಾಳಿ ಯಾವುದನ್ನು ಬೀಸುವನೆಂಬ ಊಹೆಯಲ್ಲಿಯೇ ಆಟದ ಮರ್ಮವಿದೆ. ಅವನ ದೊಡ್ಡ ಹೊಡೆತವನ್ನು ತಡೆದೊಡನೆ ಅವನಿಗೆ ಸಾವರಿಸಿಕೊಳ್ಳಲು ಅರೆಕ್ಷಣ ಬೇಕು. ಅದೇ ನಮ್ಮ ಸಮಯ. ಆ ಸಮಯಕ್ಕೆ ಒಂದೇ ಒಂದು ಗುದ್ದು ಮೂರನೆಯ ಪಾಠ. ಅತಿ ವೇಗದ ಗುದ್ದು ತಲುಪಲು ಸೆಕೆಂಡಿನ ಆರರಲ್ಲೊಂದು ಭಾಗ ಸಾಕಂತೆ. ಪಟ್ಟುಗಳ ಉದ್ದನೆಯ ಪಟ್ಟಿಯನ್ನು ಅವನು ತೆರೆಯಲೇ ಇಲ್ಲ. ಒಂದೇ ಬಗೆಯ ಪೆಟ್ಟನ್ನು ಮತ್ತೆ ಮತ್ತೆ ಕೊಟ್ಟು, ಕಿರಿಯವನು ತಡೆಯುವವರೆಗೆ ಕಾದ.

ನಮ್ಮ ಬೆಳಗಾವಿ ಸೀಮೆಯ ತಾಲೀಮುಗಳಲ್ಲಿ ವಸ್ತಾದರು ಮಾಡುವುದೂ ಇದನ್ನೇ. ಹೊಸ ಹುಡುಗನಿಗೆ ಮೊದಲು ದಂಡ, ಬೈಠಕ್. ಆಮೇಲೆ ಒಂದೊಂದೇ ಪಟ್ಟು. ಹಿರಿಯ ಪೈಲ್ವಾನನು ಎಳೆಯನೊಡನೆ ಸೆಣಸುವಾಗ ತನ್ನ ಬಲವನ್ನೆಲ್ಲ ಹಾಕುವುದಿಲ್ಲ. ಹಾಗೆಂದು ಸುಮ್ಮನೆ ಬಿದ್ದುಕೊಡುವುದೂ ಇಲ್ಲ. ಪುಕ್ಕಟೆ ಗೆಲುವನ್ನು ಮಕ್ಕಳು ಕೂಡಲೇ ಗುರುತಿಸುತ್ತಾರೆ, ಸೋಲಿಗಿಂತ ಅದಕ್ಕೇ ಹೆಚ್ಚು ನೊಂದುಕೊಳ್ಳುತ್ತಾರೆ. ಲೆಕ್ಕದಲ್ಲಿ ಹಿಂದುಳಿದ ಮಗುವಿಗೂ ಕರುಣೆಯ ಅಂಕಗಳು ಬೇಡ. ತಾನೇ ಬಿಡಿಸಬಲ್ಲ ಮುಂದಿನ ಲೆಕ್ಕ ಬೇಕು.

2019ರಲ್ಲಿ ಲಾಹೋರಿನ ಅರ್ಸಲಾನ್ ಆಶ್ ಎಂಬ ಯುವಕ ಜಪಾನಿನಲ್ಲಿಯೂ ಅಮೆರಿಕದ ಲಾಸ್ ವೇಗಸ್‌ನಲ್ಲಿಯೂ ನಡೆದ 'ಇವೊ' ಪಂದ್ಯಾವಳಿಗಳಲ್ಲಿ ಇದೇ ಆಟವನ್ನು ಗೆದ್ದು ಬಲ್ಲವರನ್ನೆಲ್ಲ ಬೆರಗುಗೊಳಿಸಿದ. ತನ್ನ ನಾಡಿನಲ್ಲಿ ಸಮರ್ಥರು ಇನ್ನೂ ಇದ್ದಾರೆಂದು ಆತ ಆಗ ಹೇಳಿದ್ದು ಅರ್ಥಪೂರ್ಣ. ಒಬ್ಬನೇ ಗೆಲ್ಲುತ್ತಿರುವ ಊರಿನಲ್ಲಿ ಆಟ ಬೆಳೆಯದು. ತನಗೆ ಸರಿಸಮನಾದ ಎದುರಾಳಿಯನ್ನು ತಯಾರು ಮಾಡುವವನೇ ತನ್ನ ವಿದ್ಯೆಯನ್ನೂ ಉಳಿಸಿಕೊಳ್ಳುತ್ತಾನೆ.